ಬಲ್ಲ ಮೂಲಗಳ ಪ್ರಕಾರ

1920ರ ಆಗಸ್ಟ್ 4ರಂದು ಅಮೆರಿಕದ ‘ದಿ ನ್ಯೂ ರಿಪಬ್ಲಿಕ್’ ವಾರಪತ್ರಿಕೆಯ ಜೊತೆ 42 ಪುಟಗಳ ಪುರವಣಿಯೊಂದು ಓದುಗರ ಕೈಸೇರಿತು. ಪುರವಣಿಯುದ್ದಕ್ಕೂ ಇದ್ದದ್ದು ಒಂದೇ ಪ್ರಶ್ನೆ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಮೂರು ವರ್ಷಗಳ ಕಾಲ ರಷ್ಯಾದ ಬಗ್ಗೆ ಕೊಟ್ಟ ಸುದ್ದಿಯಲ್ಲಿ ನಿಜವೆಷ್ಟು? ಬರೆದವರು ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮೆರ್ಜ್ ಎಂಬ ಇಬ್ಬರು ಪತ್ರಕರ್ತರು. ಲಿಪ್‌ಮನ್‌ಗೆ ಆಗ ಮೂವತ್ತು ವರ್ಷ. ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಅವನು ಫ್ರಾನ್ಸಿನಲ್ಲಿದ್ದು, ಜರ್ಮನ್ ಸೈನಿಕರ ಮನಸ್ಸು ಕೆಡಿಸುವ ಕರಪತ್ರಗಳನ್ನು ಅಮೆರಿಕದ ಸೇನೆಗಾಗಿ ಬರೆದಿದ್ದ. ಪ್ರಚಾರ ಹೇಗೆ ಹುಟ್ಟುತ್ತದೆ, ಹೇಗೆ ಸುದ್ದಿಯ ವೇಷ ತೊಡುತ್ತದೆ ಎಂಬುದನ್ನು ಒಳಗಿನಿಂದಲೇ ಕಂಡು ಬಂದವನು.

ಟೈಮ್ಸನ್ನು ಆರಿಸಿಕೊಂಡದ್ದು ಅದು ಕಳಪೆ ಪತ್ರಿಕೆ ಎಂಬ ಕಾರಣಕ್ಕಲ್ಲ. ಅಮೆರಿಕದಲ್ಲಿ ಅದಕ್ಕಿಂತ ಹೆಚ್ಚು ಹಣ, ಜನ, ತಂತಿ ಸಂಪರ್ಕ ಇದ್ದ ಪತ್ರಿಕೆಗಳು ಕಡಿಮೆ. ಅಡಾಲ್ಫ್ ಓಕ್ಸ್ 1896ರಲ್ಲಿ ಅದನ್ನು ಕೊಂಡ ಮೇಲೆ ಕೂಗಾಟದ ಪತ್ರಿಕೆಗಳ ನಡುವೆ ಸಭ್ಯ, ನಂಬಲರ್ಹ ಪತ್ರಿಕೆ ಎಂದು ಹೆಸರು ಗಳಿಸಿತ್ತು. ಅದರ ಸಂಚಿಕೆಗಳಿಗೆ ಒಳ್ಳೆಯ ಸೂಚಿಯೂ ಇತ್ತು. ಅತ್ಯುತ್ತಮವಾದದ್ದೇ ಸೋತಿದ್ದರೆ ಉಳಿದವುಗಳ ಗತಿ ಏನೆಂದು ಓದುಗರೇ ಊಹಿಸಿಕೊಳ್ಳಲಿ ಎಂಬುದು ಅವರ ಲೆಕ್ಕ. 1917ರ ಮಾರ್ಚ್‌ನಲ್ಲಿ ಜಾರ್ ದೊರೆ ಸಿಂಹಾಸನ ಬಿಟ್ಟ ದಿನಗಳಿಂದ ಹಿಡಿದು 1920ರ ಮಾರ್ಚ್‌ವರೆಗಿನ ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ಇಬ್ಬರೂ ಓದಿದರು.

ಅವರು ಹಿಡಿದ ಅಳತೆಗೋಲು ಇವತ್ತಿಗೂ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೊಲ್ಶೆವಿಕರು ಒಳ್ಳೆಯವರೋ ಕೆಟ್ಟವರೋ ಎಂಬ ಜಗಳಕ್ಕೆ ಅವರು ಇಳಿಯಲೇ ಇಲ್ಲ. ಯಾರೂ ಅಲ್ಲಗಳೆಯಲಾಗದ ಕೆಲವೇ ಘಟನೆಗಳನ್ನು ತೆಗೆದುಕೊಂಡರು. 1917ರ ಜುಲೈಯಲ್ಲಿ, ಜಾರ್ ನಂತರ ಬಂದ ತಾತ್ಕಾಲಿಕ ಸರ್ಕಾರ ಜರ್ಮನರ ಮೇಲೆ ನಡೆಸಿದ ದಾಳಿ ಸೋತಿತು. ನವೆಂಬರ್‌ನಲ್ಲಿ ಬೊಲ್ಶೆವಿಕರು ಆ ಸರ್ಕಾರವನ್ನೇ ಉರುಳಿಸಿದರು. 1918ರ ಮಾರ್ಚ್‌ನಲ್ಲಿ ಬೊಲ್ಶೆವಿಕರು ಬ್ರೆಸ್ಟ್-ಲಿಟೋವ್ಸ್ಕ್‌ನಲ್ಲಿ ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡು ಯುದ್ಧದಿಂದ ಹೊರಬಂದರು. ಅವರ ವಿರುದ್ಧ ಎದ್ದ ಸೇನಾಪತಿಗಳು ಸೋತರು. 1920ರ ಮಾರ್ಚ್‌ನಲ್ಲೂ ಬೊಲ್ಶೆವಿಕ್ ಸರ್ಕಾರ ನಿಂತೇ ಇತ್ತು. ಪ್ರತಿದಿನ ಟೈಮ್ಸ್ ಓದಿದ ಅಮೆರಿಕದ ಪ್ರಜೆಗೆ ಇವು ನಡೆಯಲಿವೆ ಎಂಬ ಸುಳಿವಾದರೂ ಸಿಕ್ಕಿತ್ತೇ? ಇಷ್ಟೇ ಪ್ರಶ್ನೆ.

ಸಿಕ್ಕಿರಲಿಲ್ಲ. 1917ರ ನವೆಂಬರ್‌ನಿಂದ 1919ರ ನವೆಂಬರ್‌ವರೆಗಿನ ಎರಡು ವರ್ಷಗಳಲ್ಲಿ ಬೊಲ್ಶೆವಿಕರ ಕಥೆ ಮುಗಿಯಿತು, ಅಥವಾ ಮುಗಿಯುತ್ತಾ ಬಂತು ಎಂಬ ಸುದ್ದಿ ಟೈಮ್ಸ್‌ನಲ್ಲಿ 91 ಬಾರಿ ಬಂದಿತ್ತು. ಅವರ ಬಲ ಕುಗ್ಗುತ್ತಿದೆ ಎಂದು 30 ಬಾರಿ, ಪ್ರತಿಕ್ರಾಂತಿಯ ಗಂಭೀರ ಅಪಾಯ ಎಂದು 20 ಬಾರಿ, ಪತನ ಆಗಲೇ ನಡೆಯುತ್ತಿದೆ ಎಂದು 14 ಬಾರಿ. ಲೆನಿನ್ ಮತ್ತು ಟ್ರಾಟ್ಸ್ಕಿ ಪಲಾಯನಕ್ಕೆ ಸಿದ್ಧರಾಗಿದ್ದಾರೆ ಎಂದು ನಾಲ್ಕು ಸಲ, ಓಡಿಯೇ ಹೋದರು ಎಂದು ಮೂರು ಸಲ. ಲೆನಿನ್ ಮೂರು ಸಲ ಸೆರೆಮನೆ ಸೇರಿದ್ದ, ಒಂದು ಸಲ ಕೊಲೆಯೇ ಆಗಿಹೋಗಿದ್ದ. 1919ರ ಅಕ್ಟೋಬರ್‌ನಲ್ಲಿ ಬೊಲ್ಶೆವಿಕ್ ವಿರೋಧಿ ಸೇನಾಪತಿ ಯುಡೆನಿಚ್‌ನ ಸೈನ್ಯ ಪೆಟ್ರೋಗ್ರಾಡಿನ ಅಂಚಿಗೆ ಬಂದಾಗ ಅದು ನಗರದೊಳಗೆ ನುಗ್ಗಿಯಾಯಿತು ಎಂದೇ ತಲೆಬರಹ. ಕೆಲವೇ ವಾರಗಳಲ್ಲಿ ಆ ಸೈನ್ಯ ಎಸ್ಟೋನಿಯಾದ ಗಡಿಯತ್ತ ಚದುರಿಹೋಯಿತು. ಸೈಬೀರಿಯಾದಲ್ಲಿ ಬೊಲ್ಶೆವಿಕರ ವಿರುದ್ಧ ಎದ್ದಿದ್ದ ಕೊಲ್ಚಾಕ್‌ನ ವಿಜಯಯಾತ್ರೆಯನ್ನು ತಿಂಗಳುಗಟ್ಟಲೆ ಓದಿದವರಿಗೆ 1920ರ ಫೆಬ್ರುವರಿಯಲ್ಲಿ ಇರ್ಕುಟ್ಸ್ಕ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು ಎಂಬ ಸುದ್ದಿ ಎಷ್ಟು ಅನಿರೀಕ್ಷಿತವಾಗಿ ಕಂಡಿರಬೇಕು!

ಇದು ಪುಟದ ಮೇಲಿನ ತಪ್ಪಾಗಿ ಮಾತ್ರ ಉಳಿಯಲಿಲ್ಲ. 1918ರಲ್ಲಿ ಅಮೆರಿಕ ಉತ್ತರದ ಆರ್ಕೇಂಜೆಲ್ ಬಂದರಿಗೆ ಸುಮಾರು 5,000 ಮತ್ತು ಸೈಬೀರಿಯಾಕ್ಕೆ ಸುಮಾರು 8,000 ಸೈನಿಕರನ್ನು ಕಳಿಸಿತು. ಯುರೋಪಿನಲ್ಲಿ ಕದನವಿರಾಮವಾದ ಮೇಲೂ ಆರ್ಕೇಂಜೆಲ್‌ನ ಹಿಮದಲ್ಲಿ ಈ ಹುಡುಗರು ಸಾಯುತ್ತಿದ್ದರು. ಇನ್ನೇನು ಬೀಳಲಿದೆ ಎಂದು ಪತ್ರಿಕೆ ದಿನವೂ ಹೇಳುತ್ತಿದ್ದ ಸರ್ಕಾರದ ವಿರುದ್ಧ ನಾಲ್ಕು ದಿನದ ಕೆಲಸಕ್ಕೆ ಮಗನನ್ನು ಕಳಿಸಿದ್ದೇವೆ ಎಂದು ಮನೆಯಲ್ಲಿದ್ದವರು ನಂಬಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಸುದ್ದಿ ಬರುತ್ತಿದ್ದದ್ದು ಎಲ್ಲಿಂದ? ಸ್ಟಾಕ್‌ಹೋಮ್, ಹೆಲ್ಸಿಂಕಿ, ಕೋಪನ್‌ಹೇಗನ್, ರೀಗಾದಿಂದ. ರಷ್ಯಾ ಬಿಟ್ಟು ಬಂದ ಶ್ರೀಮಂತರಿಂದ, ಜಾರ್ ಕಾಲದ ಅಧಿಕಾರಿಗಳಿಂದ, ಅಮೆರಿಕದ ವಿದೇಶಾಂಗ ಇಲಾಖೆಯ ಹೆಸರಿಲ್ಲದ ವಕ್ತಾರರಿಂದ. ವಾಷಿಂಗ್ಟನ್ನಿನಲ್ಲಿ 1922ರವರೆಗೂ ರಷ್ಯಾದ ರಾಯಭಾರಿ ಎಂದು ಮಾನ್ಯತೆ ಪಡೆದಿದ್ದವನು ಬೋರಿಸ್ ಬಖ್ಮೆಟೆಫ್. ಅವನನ್ನು ಕಳಿಸಿದ್ದ ಸರ್ಕಾರ 1917ರಲ್ಲೇ ಉರುಳಿತ್ತು. 1918ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಪ್ರಚಾರ ಸಮಿತಿ, ಲೆನಿನ್ ಮತ್ತು ಟ್ರಾಟ್ಸ್ಕಿ ಜರ್ಮನಿಯ ಸಂಬಳದ ಏಜೆಂಟರು ಎಂದು ಸಾರುವ ಒಂದು ಕಟ್ಟು ದಾಖಲೆಗಳನ್ನು ಪತ್ರಿಕೆಗಳಿಗೆ ಕೊಟ್ಟಿತು. ತಂದುಕೊಟ್ಟವನ ಹೆಸರಿನಿಂದ ಅವನ್ನು ಸಿಸ್ಸನ್ ದಾಖಲೆಗಳು ಎನ್ನುತ್ತಾರೆ. ಪತ್ರಿಕೆಗಳು ಅಚ್ಚು ಹಾಕಿದವು, ಜನ ನಂಬಿದರು. ಅವು ಖೋಟಾ ಎಂದು ಇತಿಹಾಸಕಾರ ಜಾರ್ಜ್ ಕೆನನ್ ಖಚಿತವಾಗಿ ತೋರಿಸಿಕೊಟ್ಟದ್ದು 1956ರಲ್ಲಿ.

ಲಿಪ್‌ಮನ್ ಮತ್ತು ಮೆರ್ಜ್ ಇದನ್ನೆಲ್ಲ ಪಿತೂರಿ ಎನ್ನಲಿಲ್ಲ. ಯಾರೋ ಲಂಚ ಕೊಟ್ಟರು, ಯಾರೋ ಆಜ್ಞೆ ಮಾಡಿದರು ಎಂದು ಹೇಳಲಿಲ್ಲ. ವರದಿಗಾರನ ಮತ್ತು ಸಂಪಾದಕನ ಎದೆಯೊಳಗಿನ ಆಸೆ ಹಾಗೂ ಭಯಗಳೇ ಇಲ್ಲಿ ನಿಜವಾದ ಸೆನ್ಸಾರ್ ಅಧಿಕಾರಿಗಳಾಗಿದ್ದವು ಎಂಬುದು ಅವರ ನಿರ್ಣಯ. ರಷ್ಯಾ ಯುದ್ಧದಲ್ಲಿ ಉಳಿಯಲಿ ಎಂದು ಆಸೆಪಟ್ಟವರಿಗೆ ಅದು ಉಳಿಯುವಂತೆ ಕಂಡಿತು. ಕೆಂಪು ಸರ್ಕಾರ ಬೀಳಲಿ ಎಂದು ಹಂಬಲಿಸಿದವರಿಗೆ ಅದು ದಿನವೂ ಬೀಳುತ್ತಿತ್ತು. ಅದೇ ಸರ್ಕಾರ ಬೀಳದೆ ಉಳಿದಾಗ ಯುರೋಪನ್ನೇ ನುಂಗಲು ಬರುತ್ತಿರುವ ಭೂತವಾಗಿ ಪುಟದ ಮೇಲೆ ಎದ್ದಿತು. ಸಂಪಾದಕೀಯದ ಅಭಿಪ್ರಾಯ ಸುದ್ದಿಯ ಅಂಕಣಕ್ಕೆ ಸೋರಿತ್ತು. ಅದಕ್ಕಿಂತ ಮುಖ್ಯವಾಗಿ, ಸ್ವಾರ್ಥವಿರುವ ಮೂಲಗಳ ಮಾತನ್ನು ಪತ್ರಿಕೆ ಪರೀಕ್ಷಿಸದೆ ಒಪ್ಪಿತ್ತು. ಇಲ್ಲಿಯವರೆಗಿನ ಕಥೆಯನ್ನು ಪತ್ರಿಕೋದ್ಯಮದ ಪಾಠಪುಸ್ತಕಗಳು ಹೇಳುತ್ತವೆ. ನನಗೆ ಅದರ ಮುಂದಿನ ಕಥೆ ಇನ್ನೂ ಮುಖ್ಯ. ಏಕೆಂದರೆ ಅದೇ ಪತ್ರಿಕೆ ಹದಿಮೂರು ವರ್ಷಗಳ ನಂತರ ಅದೇ ದೇಶದ ಬಗ್ಗೆ ಇದಕ್ಕಿಂತ ಘೋರವಾಗಿ ಎಡವಿತು, ಈ ಸಲ ಎದುರು ದಿಕ್ಕಿನಲ್ಲಿ.

ಆ ಕಾಲದ ರೀಗಾ ಸುದ್ದಿಗಾರರಲ್ಲಿ ವಾಲ್ಟರ್ ಡುರಾಂಟಿಯೂ ಒಬ್ಬ. 1884ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಟೈಮ್ಸ್‌ನ ಪ್ಯಾರಿಸ್ ಕಚೇರಿಯಲ್ಲಿ ಕೆಲಸ ಕಲಿತವನು. ಬೊಲ್ಶೆವಿಕರನ್ನು ಖಂಡಿಸುವ ವರದಿಗಳನ್ನು ಅವನೂ ಕಳಿಸಿದ್ದ. 1921ರಲ್ಲಿ ವೋಲ್ಗಾ ಬಯಲಿನಲ್ಲಿ ಭೀಕರ ಕ್ಷಾಮ ಬಿತ್ತು. ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಅಮೆರಿಕದ ಪರಿಹಾರ ಸಂಸ್ಥೆ ಆಗಸ್ಟ್ 20ರಂದು ರೀಗಾದಲ್ಲಿ ಸೋವಿಯತ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಮರುವರ್ಷದ ಹೊತ್ತಿಗೆ ಆ ಸಂಸ್ಥೆ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನಕ್ಕೆ ಊಟ ಹಾಕುತ್ತಿತ್ತು. ಅದರ ಹಿಂದೆಯೇ ಅಮೆರಿಕದ ಪತ್ರಕರ್ತರಿಗೂ ರಷ್ಯಾದ ಬಾಗಿಲು ತೆರೆಯಿತು. ಕ್ಷಾಮದ ಸುದ್ದಿ ಜಗತ್ತಿಗೆ ತಿಳಿಯಿತು, ತಿಳಿದದ್ದರಿಂದಲೇ ಲಕ್ಷಾಂತರ ಜೀವ ಉಳಿಯಿತು. ಈ ಮಾತನ್ನು ನೆನಪಿನಲ್ಲಿಡಬೇಕು.

ಡುರಾಂಟಿಯೂ ಮಾಸ್ಕೋ ಸೇರಿದ. ಹಳೆಯ ಧಾಟಿ ಬಿಟ್ಟು ಲೆನಿನ್ನನ ಹೊಸ ಆರ್ಥಿಕ ನೀತಿಯ ಬಗ್ಗೆ ಮೆಚ್ಚಿ ಬರೆದ ಮೇಲೆಯೇ ಅವನಿಗೆ ಒಳಗೆ ಬರಲು ಅನುಮತಿ ಸಿಕ್ಕಿತ್ತು. ಅಲ್ಲಿಂದ ಹದಿಮೂರು ವರ್ಷ ಮಾಸ್ಕೋ ಅವನ ಮನೆಯಾಯಿತು. 1924ರಲ್ಲಿ ಫ್ರಾನ್ಸಿನ ರೈಲು ಅಪಘಾತದಲ್ಲಿ ಎಡಗಾಲು ಕಳೆದುಕೊಂಡ. ಆದರೂ ಅವನ ಮನೆಯ ಔತಣಕ್ಕೆ ಬರದ ಪ್ರವಾಸಿ ಗಣ್ಯರಿರಲಿಲ್ಲ. ಅವನು ದಡ್ಡನಲ್ಲ. ಲೆನಿನ್ನನ ನಂತರ ಸ್ಟಾಲಿನ್ ಮೇಲೆ ಬರುತ್ತಾನೆ ಎಂದು ಬೇರೆಯವರಿಗಿಂತ ಮೊದಲು ಗುರುತಿಸಿದವರಲ್ಲಿ ಅವನೊಬ್ಬ. 1930ರಲ್ಲಿ ಸ್ಟಾಲಿನ್ ಅವನಿಗೆ ಸಂದರ್ಶನ ಕೊಟ್ಟ. 1931ರಲ್ಲಿ ಬರೆದ ಹದಿಮೂರು ಲೇಖನಗಳಿಗೆ 1932ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಅಷ್ಟರಲ್ಲಿ ಹಳ್ಳಿಗಳಲ್ಲಿ ಏನಾಗುತ್ತಿತ್ತು? ರೈತರ ಜಮೀನು, ದನ, ನೇಗಿಲುಗಳನ್ನು ಸಾಮೂಹಿಕ ಕೃಷಿಕ್ಷೇತ್ರಗಳಿಗೆ ಸೇರಿಸಲಾಗಿತ್ತು. ಎದುರಾಡಿದವರನ್ನು ಸೈಬೀರಿಯಾಕ್ಕೆ ಸಾಗಿಸಿದರು. ಬೆಳೆ ಕಡಿಮೆಯಾದರೂ ಸರ್ಕಾರದ ಲೆವಿ ಇಳಿಯಲಿಲ್ಲ. 1932ರ ಆಗಸ್ಟ್ 7ರ ಕಾನೂನಿನಂತೆ ಹೊಲದಲ್ಲಿ ಬಿದ್ದ ತೆನೆ ಆಯ್ದರೂ ಹತ್ತು ವರ್ಷ ಸೆರೆ ಅಥವಾ ಮರಣದಂಡನೆ. ಲೆವಿ ಕೊಡದ ಊರುಗಳನ್ನು ಕಪ್ಪುಪಟ್ಟಿಗೆ ಸೇರಿಸಿ ಅಲ್ಲಿಗೆ ಉಪ್ಪು, ಸೀಮೆಎಣ್ಣೆ ಕೂಡ ಹೋಗದಂತೆ ಮಾಡಿದರು. 1933ರ ಜನವರಿ 22ರಂದು ಸ್ಟಾಲಿನ್ ಮತ್ತು ಮೊಲೊಟೊವ್ ಸಹಿ ಹಾಕಿದ ಆಜ್ಞೆಯೊಂದು, ಅನ್ನ ಹುಡುಕಿಕೊಂಡು ಉಕ್ರೇನ್ ಮತ್ತು ಕುಬಾನ್ ಪ್ರಾಂತ್ಯ ಬಿಟ್ಟು ಹೋಗುವ ರೈತರನ್ನು ತಡೆಯಲು ಹೇಳಿತು. ಉಕ್ರೇನ್ ಒಂದರಲ್ಲೇ ಸತ್ತವರು ಮೂವತ್ತೈದು ಲಕ್ಷದಿಂದ ನಲವತ್ತು ಲಕ್ಷದ ನಡುವೆ ಎಂದು ಇಂದಿನ ಬಹುತೇಕ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. 1921ರಲ್ಲಿ ನೆರವು ಬೇಡಿದ್ದ ಸರ್ಕಾರ ಈ ಸಲ ಕ್ಷಾಮವೇ ಇಲ್ಲವೆಂದಿತು, ಧಾನ್ಯವನ್ನು ಹೊರದೇಶಕ್ಕೆ ಮಾರುತ್ತಲೇ ಇತ್ತು.

1933ರ ಮಾರ್ಚ್‌ನಲ್ಲಿ ಗ್ಯಾರೆತ್ ಜೋನ್ಸ್ ಎಂಬ ಇಪ್ಪತ್ತೇಳು ವರ್ಷದ ವೇಲ್ಸ್ ದೇಶದ ಯುವಕ ಮಾಸ್ಕೋಗೆ ಬಂದ. ಬ್ರಿಟನ್ನಿನ ಮಾಜಿ ಪ್ರಧಾನಿ ಲಾಯ್ಡ್ ಜಾರ್ಜ್ ಬಳಿ ವಿದೇಶಾಂಗ ಸಲಹೆಗಾರನಾಗಿ ಕೆಲಸ ಮಾಡಿದ್ದವನು. ಅವನ ತಾಯಿ ಮದುವೆಗೆ ಮುಂಚೆ ಉಕ್ರೇನಿನ ಯುಜೊವ್ಕಾದಲ್ಲಿ, ಅಂದರೆ ಇಂದಿನ ಡೊನೆಟ್ಸ್ಕ್‌ನಲ್ಲಿ, ವೇಲ್ಸ್ ಮೂಲದ ಒಂದು ಉದ್ಯಮಿ ಕುಟುಂಬದ ಮಕ್ಕಳಿಗೆ ಪಾಠ ಹೇಳಿದ್ದಳು. ತಾಯಿಯ ಕಥೆ ಕೇಳಿ ಬೆಳೆದ ಮಗ ಕೇಂಬ್ರಿಜ್‌ನಲ್ಲಿ ರಷ್ಯನ್ ಕಲಿತ. ಮಾಸ್ಕೋದಲ್ಲಿ ಖಾರ್ಕಿವ್‌ಗೆ ರೈಲು ಹತ್ತಿ, ಊರು ಬರುವ ಮುಂಚೆಯೇ ಇಳಿದು, ಬೆನ್ನಿಗೆ ಆಹಾರದ ಚೀಲ ಕಟ್ಟಿಕೊಂಡು ಹಿಮದಲ್ಲಿ ಹಳಿಯ ಪಕ್ಕ ನಡೆದ. ಹಳ್ಳಿಗಳನ್ನೂ ಹನ್ನೆರಡು ಸಾಮೂಹಿಕ ಕೃಷಿಕ್ಷೇತ್ರಗಳನ್ನೂ ಹಾದುಹೋದ, ರೈತರ ಗುಡಿಸಲಲ್ಲಿ ಮಲಗಿದ. ರೊಟ್ಟಿಯಿಲ್ಲ, ಸಾಯುತ್ತಿದ್ದೇವೆ ಎಂಬ ಮಾತನ್ನು ಅವರ ಭಾಷೆಯಲ್ಲೇ ಅವರ ಬಾಯಿಂದಲೇ ಕೇಳಿದ. ರೈಲಿನಲ್ಲಿ ಒಬ್ಬ ಕಮ್ಯುನಿಸ್ಟ್ ಕ್ಷಾಮವಿಲ್ಲ ಎಂದು ವಾದಿಸುತ್ತಿದ್ದಾಗ ಜೋನ್ಸ್ ತಾನು ತಿನ್ನುತ್ತಿದ್ದ ರೊಟ್ಟಿಯ ಚೂರನ್ನು ಉಗುಳುವ ಪೀಕದಾನಿಗೆ ಎಸೆದ. ಪಕ್ಕದ ರೈತ ಅದನ್ನು ಕೈಹಾಕಿ ತೆಗೆದು ಗಬಗಬನೆ ತಿಂದ. ಕಿತ್ತಳೆ ಸಿಪ್ಪೆ ಎಸೆದ, ಅದನ್ನೂ ತಿಂದ. ವಾದಿಸುತ್ತಿದ್ದವನ ಬಾಯಿ ಕಟ್ಟಿತು.

ಮಾರ್ಚ್ 29ರಂದು ಬರ್ಲಿನ್‌ನಲ್ಲಿ ಜೋನ್ಸ್ ಪತ್ರಕರ್ತರನ್ನು ಕರೆದು ಕಂಡದ್ದನ್ನೆಲ್ಲ ಹೇಳಿದ. ಅದೇ ವಾರ ‘ಮ್ಯಾಂಚೆಸ್ಟರ್ ಗಾರ್ಡಿಯನ್’ನಲ್ಲಿ ಮಾಲ್ಕಮ್ ಮಗ್ಗರಿಜ್‌ನ ಮೂರು ಲೇಖನಗಳು ಹೆಸರಿಲ್ಲದೆ ಬಂದಿದ್ದವು. ಸೆನ್ಸಾರ್ ಕಣ್ಣು ತಪ್ಪಿಸಲು ಅವನ್ನು ರಾಯಭಾರ ಕಚೇರಿಯ ಚೀಲದಲ್ಲಿ ಕಳಿಸಿದ್ದ. ಹೆಸರು ಹಾಕಿ, ಮುಖ ತೋರಿಸಿ ಮಾತನಾಡಿದವನು ಜೋನ್ಸ್. ಎರಡೇ ದಿನದಲ್ಲಿ, ಮಾರ್ಚ್ 31ರಂದು, ಟೈಮ್ಸ್‌ನಲ್ಲಿ ಡುರಾಂಟಿಯ ಉತ್ತರ ಬಂತು. ರಷ್ಯನ್ನರಿಗೆ ಹಸಿವಿದೆ, ಆದರೆ ಅನ್ನವಿಲ್ಲದೆ ಸಾಯುತ್ತಿಲ್ಲ ಎಂಬ ಅರ್ಥದ ತಲೆಬರಹ. ಉಪವಾಸದಿಂದ ಸಾವಿಲ್ಲ, ಪೌಷ್ಟಿಕಾಂಶದ ಕೊರತೆಯಿಂದ ಬಂದ ರೋಗಗಳಿಂದ ಸಾವು ವ್ಯಾಪಕವಾಗಿದೆ ಎಂಬುದು ಒಳಗಿನ ವಾದ. ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ವಾದವಲ್ಲ. ತಾನು ಯಾರನ್ನು ವಿಚಾರಿಸಿದೆ ಎಂದು ಡುರಾಂಟಿ ಅಲ್ಲೇ ಹೇಳಿಕೊಂಡಿದ್ದಾನೆ. ಸೋವಿಯತ್ ಇಲಾಖೆಗಳನ್ನು, ವಿದೇಶಿ ರಾಯಭಾರ ಕಚೇರಿಗಳನ್ನು, ಅಲ್ಲಿ ಕೆಲಸಕ್ಕಿದ್ದ ಬ್ರಿಟಿಷ್ ತಜ್ಞರನ್ನು, ತನ್ನ ಪರಿಚಯಸ್ಥರನ್ನು. ಈ ಪಟ್ಟಿಯಲ್ಲಿ ರೈತರಿಲ್ಲ. 1919ರಲ್ಲಿ ಓಡಿಬಂದ ಜಮೀನ್ದಾರನನ್ನು ಕೇಳಿ ಬರೆದ ಪತ್ರಿಕೆ 1933ರಲ್ಲಿ ಕುರ್ಚಿಯಲ್ಲಿ ಕೂತ ಅಧಿಕಾರಿಯನ್ನು ಕೇಳಿ ಬರೆಯಿತು. ಕೇಳುವ ಜನ ಬದಲಾದರು, ಪರೀಕ್ಷಿಸದೆ ಒಪ್ಪುವ ಅಭ್ಯಾಸ ಹಾಗೇ ಉಳಿಯಿತು. 1920ರ ಪುರವಣಿ ಎತ್ತಿ ತೋರಿಸಿದ್ದ ರೋಗ ಇದೇ.

ಡುರಾಂಟಿ ಒಬ್ಬನೇ ಅಲ್ಲ. ಮಾಸ್ಕೋದ ವಿದೇಶಿ ಪತ್ರಕರ್ತರಿಗೆ ಆಗ ಮೆಟ್ರೊ-ವಿಕರ್ಸ್ ಕಂಪನಿಯ ಬ್ರಿಟಿಷ್ ಎಂಜಿನಿಯರುಗಳ ವಿಚಾರಣೆ ಮುಖ್ಯವಾಗಿತ್ತು. ನ್ಯಾಯಾಲಯದೊಳಗೆ ಜಾಗ ಬೇಕಾದರೆ ಸೆನ್ಸಾರ್ ಅಧಿಕಾರಿ ಕಾನ್‌ಸ್ಟಾಂಟಿನ್ ಉಮಾನ್ಸ್ಕಿಯ ಕೃಪೆ ಬೇಕು. ಯುನೈಟೆಡ್ ಪ್ರೆಸ್‌ನ ಯೂಜೀನ್ ಲಯನ್ಸ್ 1937ರ ತನ್ನ ಪುಸ್ತಕದಲ್ಲಿ ಆ ದಿನಗಳ ಬಗ್ಗೆ ಬರೆದುಕೊಂಡಿದ್ದಾನೆ. ಒಂದು ರಾತ್ರಿ ಉಮಾನ್ಸ್ಕಿಯ ಜೊತೆ ಕೂತು, ಜೋನ್ಸ್‌ನನ್ನು ಸುಳ್ಳನನ್ನಾಗಿ ಮಾಡುವುದು ಹೇಗೆಂದು ಚರ್ಚಿಸಿ, ಒಪ್ಪಿ, ಕೊನೆಗೆ ವೋಡ್ಕಾ ತರಿಸಿ ಕುಡಿದೆವು ಎಂದು. ಅವನಿಗೆ ನಾಚಿಕೆಯಾಗಿತ್ತು. ಜೋನ್ಸ್ ಹೇಳಿದ್ದರಲ್ಲಿ ಬಹುಪಾಲು ತಾವೇ ಅವನಿಗೆ ಗುಟ್ಟಾಗಿ ತಿಳಿಸಿದ್ದು ಎಂದೂ ಅವನು ಒಪ್ಪಿಕೊಂಡಿದ್ದಾನೆ. ವೀಸಾ ಹೋದರೆ ಕೆಲಸ ಹೋಗುತ್ತದೆ, ಮಾಸ್ಕೋದ ಒಳಗಿದ್ದರಷ್ಟೇ ಬೆಲೆ. ಆ ಭಯವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ತಿಳಿದದ್ದನ್ನು ಬರೆಯದೆ ಸುಮ್ಮನಿರುವುದು ದೌರ್ಬಲ್ಯ ಎಂದು ಬಿಡಬಹುದು. ತಿಳಿದದ್ದನ್ನು ಬರೆದವನನ್ನು ಸುಳ್ಳ ಎನ್ನುವುದನ್ನು ಹಾಗೆ ಬಿಡಲಾಗದು.

ಮೇ 13ರಂದು ಟೈಮ್ಸ್ ಜೋನ್ಸ್‌ನ ಉತ್ತರವನ್ನು ಪತ್ರರೂಪದಲ್ಲಿ ಪ್ರಕಟಿಸಿತು. ಅಷ್ಟು ಮಟ್ಟಿಗೆ ಪತ್ರಿಕೆಗೆ ಋಣಿಯಾಗಿರಬೇಕು. ಪತ್ರದಲ್ಲಿ ಅವನು ತಾನು ಮಾತನಾಡಿಸಿದ ರೈತರು, ರಾಜತಾಂತ್ರಿಕರ ಬಗ್ಗೆ ಬರೆದು, ಸೆನ್ಸಾರ್ ಮಾಸ್ಕೋದ ಪತ್ರಕರ್ತರಿಗೆ ಕಟು ಸತ್ಯವನ್ನು ಮೃದು ಮಾತಿನಲ್ಲಿ ಮುಚ್ಚುವ ವಿದ್ಯೆ ಕಲಿಸಿದೆ ಎಂದ. ಆದರೆ ಒಬ್ಬ ತರುಣನ ಪತ್ರ ಎಲ್ಲಿ, ಪುಲಿಟ್ಜರ್ ಪಡೆದವನ ವರದಿ ಎಲ್ಲಿ! ಓದುಗರು ಡುರಾಂಟಿಯನ್ನೇ ನಂಬಿದರು.

ಡುರಾಂಟಿ ತನ್ನನ್ನೇ ನಂಬಿದ್ದನೇ? ಇಲ್ಲ ಎನ್ನಲು ದಾಖಲೆಯಿದೆ. ಸೆಪ್ಟೆಂಬರ್‌ನಲ್ಲಿ, ಸುಗ್ಗಿ ಮುಗಿದ ಮೇಲೆ, ಅವನಿಗೆ ಉಕ್ರೇನ್ ಸುತ್ತಲು ಅನುಮತಿ ಸಿಕ್ಕಿತು. ಪತ್ರಿಕೆಗೆ ಒಳ್ಳೆಯ ಬೆಳೆಯ ಸುದ್ದಿ ಕಳಿಸಿದ. ಮಾಸ್ಕೋಗೆ ಮರಳಿ ಬ್ರಿಟಿಷ್ ರಾಯಭಾರ ಕಚೇರಿಯ ವಿಲಿಯಂ ಸ್ಟ್ರಾಂಗ್ ಜೊತೆ ಮಾತನಾಡುವಾಗ, ಆಹಾರವಿಲ್ಲದೆ ನೇರವಾಗಿಯೋ ಪರೋಕ್ಷವಾಗಿಯೋ ಸೋವಿಯತ್ ದೇಶದಲ್ಲಿ ಒಂದು ಕೋಟಿಯಷ್ಟು ಜನ ಸತ್ತಿರಬಹುದು ಎಂದ. ಆ ಮಾತು ಲಂಡನ್ನಿಗೆ ಹೋದ ಕಡತದಲ್ಲಿ ದಾಖಲಾಯಿತು. ಟೈಮ್ಸ್‌ನ ಓದುಗರಿಗೆ ಅದು ತಲುಪಲಿಲ್ಲ. ನವೆಂಬರ್ 16ರಂದು ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಿತು. ನ್ಯೂಯಾರ್ಕಿನ ವಾಲ್ಡೋರ್ಫ್ ಅಸ್ಟೋರಿಯಾ ಹೋಟೆಲಿನ ಔತಣದಲ್ಲಿ ಡುರಾಂಟಿಯ ಹೆಸರು ಕರೆದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜೋನ್ಸ್‌ಗೆ ಸೋವಿಯತ್ ದೇಶಕ್ಕೆ ಮತ್ತೆ ಪ್ರವೇಶ ಸಿಗಲಿಲ್ಲ. 1935ರ ಆಗಸ್ಟ್‌ನಲ್ಲಿ ಮಂಚೂರಿಯಾ ಕಡೆ ಸುದ್ದಿಗೆ ಹೋದವನನ್ನು ಡಕಾಯಿತರು ಹಿಡಿದು ಗುಂಡಿಟ್ಟು ಕೊಂದರು. ಮೂವತ್ತು ತುಂಬಲು ಒಂದು ದಿನ ಬಾಕಿಯಿತ್ತು.

1920ರ ಟೀಕೆಯನ್ನು ಪತ್ರಿಕೆ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವಂತಿಲ್ಲ. ಮಾಸ್ಕೋದಲ್ಲಿ ಕಾಯಂ ವರದಿಗಾರನನ್ನು ಇಟ್ಟಿತು. ಟೀಕಿಸಿದ ಚಾರ್ಲ್ಸ್ ಮೆರ್ಜ್‌ನನ್ನೇ ಮುಂದೆ ಸೇರಿಸಿಕೊಂಡಿತು. ಅವನು 1938ರಿಂದ 1961ರವರೆಗೆ ಟೈಮ್ಸ್‌ನ ಸಂಪಾದಕೀಯ ಪುಟದ ಮುಖ್ಯಸ್ಥನಾಗಿದ್ದ. ಆದರೆ ಪಕ್ಷಪಾತವೆಂದರೆ ಒಂದು ಕಡೆ ವಾಲುವುದು, ಇನ್ನೊಂದು ಕಡೆಯವರ ಮಾತಿಗೂ ಜಾಗ ಕೊಟ್ಟರೆ ಅದು ಸರಿಹೋಗುತ್ತದೆ ಎಂಬ ತಿಳಿವಳಿಕೆ ಇದೆಯಲ್ಲ, ಅದು ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಹದಿಮೂರು ವರ್ಷಗಳೇ ಸಾಕ್ಷಿ. ಬೊಲ್ಶೆವಿಕರ ವೈರಿಗಳ ಮಾತು ಕೇಳಿ ಕೆಟ್ಟ ಪತ್ರಿಕೆ ಅವರ ಅಧಿಕಾರಿಗಳ ಮಾತು ಕೇಳಿ ಇನ್ನೂ ಕೆಟ್ಟಿತು. ಎರಡು ಸಲವೂ ಸತ್ಯ ತಿಳಿಯಲು ಇದ್ದ ದಾರಿ ಒಂದೇ. ಸ್ಥಳಕ್ಕೆ ಹೋಗಬೇಕು, ಅಲ್ಲಿಯ ಭಾಷೆ ಬರಬೇಕು, ಅನುಭವಿಸುತ್ತಿರುವವನನ್ನೇ ಕೇಳಬೇಕು. ಜೋನ್ಸ್ ಮಾಡಿದ್ದು ಅಷ್ಟೇ.

ಇದು ಮುಗಿದ ಕಾಲದ ಮಾತೂ ಅಲ್ಲ. 2004ರ ಮೇ 26ರಂದು ಇದೇ ಟೈಮ್ಸ್ ತನ್ನ ಓದುಗರಿಗೆ ಒಂದು ಟಿಪ್ಪಣಿ ಬರೆಯಿತು. ಇರಾಕ್ ಯುದ್ಧಕ್ಕೆ ಮುನ್ನ ಸದ್ದಾಂ ಹುಸೇನನ ಶಸ್ತ್ರಾಸ್ತ್ರಗಳ ಬಗ್ಗೆ ತಾನು ಪ್ರಕಟಿಸಿದ ಹಲವು ವರದಿಗಳು ಸಾಕಷ್ಟು ಪರೀಕ್ಷೆಗೆ ಒಳಗಾಗಿರಲಿಲ್ಲ, ಸದ್ದಾಂನನ್ನು ಕೆಳಗಿಳಿಸಲು ಹಾತೊರೆಯುತ್ತಿದ್ದ ದೇಶಭ್ರಷ್ಟ ಇರಾಕಿಗಳ ಮಾತನ್ನು ಅವು ನೆಚ್ಚಿಕೊಂಡಿದ್ದವು ಎಂದು ಒಪ್ಪಿಕೊಂಡಿತು. ಸ್ಟಾಕ್‌ಹೋಮ್, ರೀಗಾಗಳ ಕಾಲದಿಂದ ಎಂಬತ್ತೈದು ವರ್ಷ ಕಳೆದಿತ್ತು.

ಡುರಾಂಟಿಯ ವರದಿಗಳು ತನ್ನಲ್ಲಿ ಪ್ರಕಟವಾದ ಅತಿ ಕೆಟ್ಟ ವರದಿಗಾರಿಕೆಗಳ ಸಾಲಿಗೆ ಸೇರಿದವು ಎಂದು ಟೈಮ್ಸ್ 1990ರಲ್ಲಿ ತನ್ನ ಸಂಪಾದಕೀಯ ಪುಟದಲ್ಲೇ ಬರೆಯಿತು. ಕ್ಷಾಮದ ಎಪ್ಪತ್ತನೆಯ ವರ್ಷ, 2003ರಲ್ಲಿ, ಪ್ರಶಸ್ತಿ ಹಿಂಪಡೆಯಬೇಕೆಂಬ ಕೂಗು ಜೋರಾಯಿತು. ಟೈಮ್ಸ್ ಕೇಳಿಕೊಂಡಂತೆ ಕೊಲಂಬಿಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಮಾರ್ಕ್ ವಾನ್ ಹೇಗನ್ ಡುರಾಂಟಿಯ 1931ರ ಬರಹಗಳನ್ನು ಓದಿ, ಅವು ಸೋವಿಯತ್ ಸರ್ಕಾರದ ಸಮರ್ಥನೆಯನ್ನು ವಿಮರ್ಶೆಯಿಲ್ಲದೆ ಒಪ್ಪಿಕೊಂಡಿವೆ ಎಂದು ವರದಿ ಕೊಟ್ಟ. ಆ ವರ್ಷದ ನವೆಂಬರ್‌ನಲ್ಲಿ ಪುಲಿಟ್ಜರ್ ಮಂಡಳಿ, ಪ್ರಶಸ್ತಿ ಬಂದದ್ದು 1931ರ ಲೇಖನಗಳಿಗೆ, ಕ್ಷಾಮದ ವರದಿಗಳಿಗಲ್ಲ, ಉದ್ದೇಶಪೂರ್ವಕ ವಂಚನೆಗೆ ಸ್ಪಷ್ಟ ಪುರಾವೆಯೂ ಇಲ್ಲ ಎಂದು ಹೇಳಿ ಸುಮ್ಮನಾಯಿತು. ಕಾಗದದ ಮೇಲೆ ಈ ವಾದ ಸರಿ. ಆದರೆ ಆ ಲೇಖನಗಳು ಕೊಂಡಾಡಿದ ಸಾಮೂಹಿಕ ಕೃಷಿಯ ಯೋಜನೆಯೇ ಮರುವರ್ಷ ಹಳ್ಳಿಗಳನ್ನು ಕೊಂದದ್ದು. ಅದರ ಕ್ರೌರ್ಯ 1931ರಲ್ಲೂ ಕಣ್ಣಿಗೆ ಬೀಳುವಂತೆಯೇ ಇತ್ತು. ಪ್ರಶಸ್ತಿಯನ್ನು ಹಿಂಪಡೆಯಬೇಕಿತ್ತು. ಅದು ಇನ್ನೂ ಡುರಾಂಟಿಯ ಹೆಸರಿನಲ್ಲೇ ಇದೆ.